ಕೆಂಪು ಮಣ್ಣಿನ ನಾಡಿಗೆ ಚಿಕ್ಕ ತಂಡದಲ್ಲಿ: ಪ್ರವಾಸ ಸಾರ್ಥಕವಾಗಲು ಹದಿಮೂರು ಸೂತ್ರಗಳು

ಆಸ್ಟ್ರೇಲಿಯಾಕ್ಕೆ ಹೋದವರಲ್ಲಿ ಹೆಚ್ಚಿನವರು ಸಿಡ್ನಿಯ ಒಪೆರಾ ಹೌಸ್, ಮೆಲ್ಬರ್ನ್, ಗೋಲ್ಡ್ ಕೋಸ್ಟ್ ನೋಡಿಕೊಂಡು ಬರುತ್ತಾರೆ. ಅದೆಲ್ಲ ಆ ಖಂಡದ ಅಂಚು. ಒಳನಾಡಿನದು ಬೇರೆಯೇ ಲೋಕ. ಕೆಂಪು ಮಣ್ಣು, ಮುಳ್ಳುಹುಲ್ಲು, ನೀರಿಲ್ಲದ ನದಿ, ಗಂಟೆಗಟ್ಟಲೆ ಒಂದು ಮನೆಯೂ ಕಾಣದ ಹೆದ್ದಾರಿ. ಆಲಿಸ್ ಸ್ಪ್ರಿಂಗ್ಸ್ ಪಟ್ಟಣ, ಉಲುರು ಬಂಡೆ, ಕಟ ಜುಟ ಬಂಡೆಗಳು, ಕಿಂಗ್ಸ್ ಕ್ಯಾನಿಯನ್ ಕಣಿವೆ ಸೇರಿದ ಈ ಸೀಮೆಗೆ 'ರೆಡ್ ಸೆಂಟರ್' ಎಂಬ ಹೆಸರು ನಿಂತಿದೆ.

ಇಲ್ಲಿಗೆ ಹೋಗುವ ದಾರಿಗಳು ಹಲವು. ನನ್ನ ಮತ ಚಿಕ್ಕ ತಂಡದ ಕಡೆಗೆ. ಹತ್ತು ಇಪ್ಪತ್ತು ಜನ, ಒಂದು ಗಟ್ಟಿ ಗಾಡಿ, ಹಿಂದೊಂದು ಟ್ರೇಲರ್, ಗಾಡಿ ಓಡಿಸುತ್ತಲೇ ಕಥೆ ಹೇಳಿ ಸಂಜೆ ಅಡುಗೆಗೂ ನಿಲ್ಲುವ ಒಬ್ಬ ಗೈಡ್. ಇಲ್ಲಿ ಯಾರೂ ಬರೀ ಅತಿಥಿಯಲ್ಲ, ಎಲ್ಲರೂ ಕೈ ಹಾಕಬೇಕು. ಇದನ್ನು ಮನಸ್ಸಿಗೆ ತಂದುಕೊಂಡು ಹೊರಟವರಿಗೆ ಪ್ರವಾಸ ದಕ್ಕುತ್ತದೆ. ಹಣ ಕೊಟ್ಟಿದ್ದೇನೆ, ಉಳಿದದ್ದು ಅವರು ನೋಡಿಕೊಳ್ಳಲಿ ಎಂದು ಹೊರಟವರಿಗೆ ಮೊದಲ ರಾತ್ರಿಯೇ ಬೇಸರ ಶುರುವಾಗುತ್ತದೆ. ಕೆಳಗಿನ ಸೂತ್ರಗಳೆಲ್ಲ ಈ ಒಂದು ಮಾತಿನ ಸುತ್ತಲೇ ಇವೆ.

1. ಮೊದಲು ತಿಂಗಳು, ಆಮೇಲೆ ಟಿಕೆಟ್

ಅಲ್ಲಿನ ಬೇಸಿಗೆ ನಮ್ಮ ಚಳಿಗಾಲದಲ್ಲಿ ಬರುತ್ತದೆ. ಕ್ರಿಸ್‌ಮಸ್ ರಜೆ ಸಿಕ್ಕಿತೆಂದು ಡಿಸೆಂಬರ್‌ನಲ್ಲಿ ಹೊರಟರೆ 40 ಡಿಗ್ರಿ ದಾಟುವ ಬಿಸಿಲು ಕಾದಿರುತ್ತದೆ, ಅರ್ಧ ಕಾಲುದಾರಿಗಳು ಹೊತ್ತೇರುವ ಮೊದಲೇ ಮುಚ್ಚುತ್ತವೆ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಹೋಗಿ. ಆಗ ಹಗಲು ಹಿತವಾಗಿರುತ್ತದೆ, ಎಷ್ಟು ಬೇಕಾದರೂ ನಡೆಯಬಹುದು. ರಾತ್ರಿ ಮಾತ್ರ ಮೋಸ ಮಾಡುತ್ತದೆ: ಜೂನ್, ಜುಲೈನಲ್ಲಿ ಬೆಳಗಿನ ಜಾವ ಸೊನ್ನೆಗಿಂತ ಕೆಳಗಿಳಿಯುವುದೂ ಉಂಟು. ಮರುಭೂಮಿ ಎಂದರೆ ಸೆಖೆ ಎಂದುಕೊಂಡು ಒಂದು ತೆಳು ಅಂಗಿಯಲ್ಲಿ ಹೋದವರು ನಡುಗಿಕೊಂಡು ಕೂರುತ್ತಾರೆ.

ಮಕ್ಕಳ ಶಾಲೆಯ ಬೇಸಿಗೆ ರಜೆಯಲ್ಲಿ ಸಿಡ್ನಿಗೋ ಮೆಲ್ಬರ್ನ್‌ಗೋ ನೆಂಟರ ಮನೆಗೆ ಹೋಗುವವರು ಮೇ ತಿಂಗಳ ಕೊನೆಯ ಭಾಗವನ್ನು ಒಳನಾಡಿಗೆ ಎತ್ತಿಡುವುದು ಒಳ್ಳೆಯದು.

2. ದೂರವನ್ನು ಗಂಟೆಗಳಲ್ಲಿ ಎಣಿಸಿ

ನಕ್ಷೆಯಲ್ಲಿ ಆಲಿಸ್ ಸ್ಪ್ರಿಂಗ್ಸ್ ಮತ್ತು ಉಲುರು ಅಕ್ಕಪಕ್ಕ ಕಾಣುತ್ತವೆ. ರಸ್ತೆಯಲ್ಲಿ ಅವುಗಳ ನಡುವೆ ಸುಮಾರು 450 ಕಿ.ಮೀ. ಇದೆ. ಸ್ಟುವರ್ಟ್ ಹೆದ್ದಾರಿಯಲ್ಲಿ ದಕ್ಷಿಣಕ್ಕೆ 200 ಕಿ.ಮೀ. ಹೋದರೆ ಎರ್ಲ್‌ಡಂಡ ಎಂಬ ರೋಡ್‌ಹೌಸ್ ಸಿಗುತ್ತದೆ. ಅಲ್ಲಿ ಬಲಕ್ಕೆ ತಿರುಗಿ ಲ್ಯಾಸಿಟರ್ ಹೆದ್ದಾರಿ ಹಿಡಿದು ಮತ್ತೆ ಅದಕ್ಕಿಂತ ಸ್ವಲ್ಪ ಹೆಚ್ಚೇ ದೂರ ಹೋಗಬೇಕು. ಉಲುರು ಕಡೆಯಿಂದ ಕಿಂಗ್ಸ್ ಕ್ಯಾನಿಯನ್‌ಗೆ ಮತ್ತೆ ಸುಮಾರು 300 ಕಿ.ಮೀ. ಹೀಗಾಗಿ ಮೂರು ಜಾಗ ನೋಡಲು ಮೂರು ದಿನ ಎರಡು ರಾತ್ರಿ ಕನಿಷ್ಠ ಬೇಕು. ಒಂದೇ ದಿನದಲ್ಲಿ ಆಲಿಸ್‌ನಿಂದ ಉಲುರುಗೆ ಹೋಗಿ ಬರುವ ಪ್ರವಾಸಗಳೂ ಇವೆ. ಅದರಲ್ಲಿ ನೀವು ಬಂಡೆಗಿಂತ ಹೆಚ್ಚು ಹೊತ್ತು ಕಿಟಕಿಯನ್ನೇ ನೋಡುತ್ತೀರಿ. ನಾನಂತೂ ಯಾರಿಗೂ ಅದನ್ನು ಶಿಫಾರಸು ಮಾಡುವುದಿಲ್ಲ.

ಅಲ್ಲೂ ನಮ್ಮಂತೆ ರಸ್ತೆಯ ಎಡಬದಿಯ ಸಂಚಾರವೇ, ನಾವೇ ಬಾಡಿಗೆ ಕಾರು ಓಡಿಸಬಾರದೇಕೆ ಎಂಬ ಪ್ರಶ್ನೆ ಸಹಜ. ಓಡಿಸಬಹುದು. ಆದರೆ ಆ ಹೆದ್ದಾರಿಯಲ್ಲಿ 53 ಮೀಟರ್‌ಗೂ ಉದ್ದದ ರೋಡ್ ಟ್ರೇನ್‌ಗಳು, ಅಂದರೆ ಒಂದೇ ಲಾರಿಯ ಹಿಂದೆ ಮೂರು ನಾಲ್ಕು ಟ್ರೇಲರ್ ಕಟ್ಟಿಕೊಂಡ ವಾಹನಗಳು, ಬರುತ್ತವೆ. ಮುಸ್ಸಂಜೆಗೆ ಕಾಂಗರೂಗಳು ರಸ್ತೆಗೆ ಜಿಗಿಯುತ್ತವೆ. ಮೈಲಿಗಟ್ಟಲೆ ನೇರ ದಾರಿ ಕಣ್ಣಿಗೆ ಮಂಪರು ತರಿಸುತ್ತದೆ. ಅದನ್ನೇ ಕಸುಬು ಮಾಡಿಕೊಂಡವರ ಕೈಗೆ ಸ್ಟೀರಿಂಗ್ ಕೊಟ್ಟು ನೀವು ನೋಡುತ್ತ ಕೂರುವುದೇ ಮೇಲು.

3. ಹಣ ಕಟ್ಟುವ ಮೊದಲು ಕೇಳಿ

'ಚಿಕ್ಕ ತಂಡ' ಎಂದರೆ ಒಬ್ಬರ ಲೆಕ್ಕದಲ್ಲಿ ಎಂಟು ಜನ, ಇನ್ನೊಬ್ಬರ ಲೆಕ್ಕದಲ್ಲಿ ಇಪ್ಪತ್ತನಾಲ್ಕು. ಗಾಡಿಯಲ್ಲಿ ಗರಿಷ್ಠ ಎಷ್ಟು ಜನ ಎಂಬುದನ್ನು ಬರಹದಲ್ಲಿ ತರಿಸಿಕೊಳ್ಳಿ. ಪ್ರವಾಸ ಎಲ್ಲಿ ಶುರು, ಎಲ್ಲಿ ಮುಗಿಯುತ್ತದೆ? ಆಲಿಸ್‌ನಲ್ಲಿ ಹತ್ತಿ ಉಲುರು ಪಕ್ಕದ ಯುಲಾರ ವಿಮಾನ ನಿಲ್ದಾಣದಲ್ಲಿ ಇಳಿಯುವ ಅವಕಾಶ ಇದ್ದರೆ ಒಂದು ದಿನದ ವಾಪಸು ಪ್ರಯಾಣ ಉಳಿಯುತ್ತದೆ. ಉಲುರು ಇರುವ ರಾಷ್ಟ್ರೀಯ ಉದ್ಯಾನದ ಪ್ರವೇಶ ಶುಲ್ಕ ಸೇರಿದೆಯೇ? ಮಲಗುವ ಚೀಲದ ಬಾಡಿಗೆ ಬೇರೆಯೇ? ಎಷ್ಟು ಹೊತ್ತಿನ ಊಟ ಅವರದು? ಯಾವ ಯಾವ ಕಾಲುದಾರಿ ನಡೆಸುತ್ತಾರೆ, ಎಷ್ಟೆಷ್ಟು ಕಿ.ಮೀ.?

ಅಪ್ಪ ಅಮ್ಮ ಜೊತೆಗೆ ಬರುವುದಾದರೆ ಇನ್ನೊಂದು ಪ್ರಶ್ನೆ ಕೇಳಲೇಬೇಕು: ನೆಲದ ಮೇಲೆ ಮಲಗುವುದೇ, ಡೇರೆಯಲ್ಲಿ ಮಂಚ ಇದೆಯೇ, ಲಾಡ್ಜ್ ಇದೆಯೇ? ಅದೇ ದಾರಿಯಲ್ಲಿ ಮೂರೂ ಬಗೆಯ ಪ್ರವಾಸಗಳು ಸಿಗುತ್ತವೆ. ಮಂಡಿ ನೋವಿರುವ ಎಪ್ಪತ್ತರ ಅಜ್ಜಿಗೆ ನೆಲದ ಹಾಸಿಗೆ ಬೇಡ, ಆದರೆ ಉಲುರುವಿನ ಬುಡದ ಸಮತಟ್ಟಾದ ದಾರಿಯನ್ನು ಅವರು ಖುಷಿಯಿಂದ ನಡೆಯಬಲ್ಲರು. ಮಕ್ಕಳಿದ್ದರೆ ಕನಿಷ್ಠ ವಯಸ್ಸಿನ ನಿಯಮ ಇದೆಯೇ ಎಂದೂ ವಿಚಾರಿಸಿ.

4. 'ವೆಜಿಟೇರಿಯನ್' ಎಂದಷ್ಟೇ ಬರೆದು ಸುಮ್ಮನಾಗಬೇಡಿ

ಮೊಟ್ಟೆ ತಿನ್ನುತ್ತೀರಾ? ಮೀನು? ಮಾಂಸ ಬೆಂದ ಅದೇ ಕಾವಲಿಯಲ್ಲಿ ಮಾಡಿದ್ದು ನಡೆಯುತ್ತದೆಯೇ? ಈರುಳ್ಳಿ, ಬೆಳ್ಳುಳ್ಳಿ? ಬುಕಿಂಗ್ ಸಮಯದಲ್ಲೇ ಒಂದೊಂದನ್ನೂ ಸ್ಪಷ್ಟವಾಗಿ ಬರೆಯಿರಿ, ಮೊದಲ ಬೆಳಗ್ಗೆ ಗೈಡ್‌ಗೆ ಬಾಯಲ್ಲೂ ಹೇಳಿ. ಟ್ರೇಲರ್‌ನಲ್ಲಿ ತುಂಬಿದ ದಿನಸಿಯೇ ಕೊನೆಯವರೆಗೆ ಬರಬೇಕು. ರಾತ್ರಿ ಎಂಟಕ್ಕೆ ನೆನಪಾದರೆ ಅಂಗಡಿ ನೂರಾರು ಕಿಲೋಮೀಟರ್ ಆಚೆ ಇರುತ್ತದೆ. ಮೊದಲೇ ತಿಳಿಸಿದವರಿಗೆ ಆ ಜನ ಮುತುವರ್ಜಿಯಿಂದ ಮಾಡಿಕೊಡುತ್ತಾರೆ.

ಊರಿಂದ ಚಟ್ನಿಪುಡಿ, ಅವಲಕ್ಕಿ ಒಯ್ಯುವ ಆಸೆ ಎಲ್ಲರಿಗೂ ಇದೆ. ಆಸ್ಟ್ರೇಲಿಯಾದ ಜೈವಿಕ ಸುರಕ್ಷತೆಯ ನಿಯಮ ಬಿಗಿ. ವಿಮಾನದಲ್ಲಿ ಕೊಡುವ ಚೀಟಿಯಲ್ಲಿ ಎಲ್ಲ ಆಹಾರ ಪದಾರ್ಥವನ್ನೂ ಘೋಷಿಸಿ, ಡಬ್ಬ ತೆರೆದು ತೋರಿಸಿ. ಬಿಡುವುದೋ ಬಿಡದಿರುವುದೋ ಅಧಿಕಾರಿಗೆ ಬಿಟ್ಟದ್ದು. ಘೋಷಿಸಿದವರಿಗೆ ದಂಡವಿಲ್ಲ, ಮುಚ್ಚಿಟ್ಟವರಿಗೆ ಇದೆ. ಹಸಿ ಹಣ್ಣು, ತರಕಾರಿ, ಬಿತ್ತನೆ ಬೀಜ, ಹಾಲಿನ ಸಿಹಿತಿಂಡಿ ಇವುಗಳ ಯೋಚನೆ ಬಿಟ್ಟುಬಿಡಿ.

5. ಚೀಲ ಮೆತ್ತಗಿರಲಿ

ಚಕ್ರದ ಗಟ್ಟಿ ಸೂಟ್‌ಕೇಸ್ ಟ್ರೇಲರ್‌ನಲ್ಲಿ ಕೂರುವುದಿಲ್ಲ, ಮರಳಿನಲ್ಲಿ ಉರುಳುವುದೂ ಇಲ್ಲ. ಮೆತ್ತನೆಯ ಬಟ್ಟೆಯ ಚೀಲ ಒಂದು, ಬೆನ್ನಿಗೆ ಸಣ್ಣದು ಇನ್ನೊಂದು. ಉಳಿದ ಸಾಮಾನನ್ನು ಆಲಿಸ್‌ನ ಹೋಟೆಲಿನಲ್ಲಿ ಇಟ್ಟು ಹೋಗಿ. ಒಳಗೆ ಹಾಕಬೇಕಾದದ್ದು: ಉಣ್ಣೆಯ ಟೋಪಿ, ಥರ್ಮಲ್, ಒಂದು ದಪ್ಪ ಸ್ವೆಟರ್, ಅಗಲ ಅಂಚಿನ ಬಿಸಿಲು ಟೋಪಿ, ಪಳಗಿದ ಶೂ, ಹಣೆಗೆ ಕಟ್ಟುವ ಟಾರ್ಚ್, ಪವರ್ ಬ್ಯಾಂಕ್, ಲಿಪ್ ಬಾಮ್. ಬಿಳಿ ಬಟ್ಟೆ ಬೇಡ. ಆ ಮಣ್ಣಿನಲ್ಲಿ ಕಬ್ಬಿಣದ ತುಕ್ಕು ತುಂಬಿದೆ, ಕಲೆ ಹತ್ತಿದರೆ ಹೋಗುವುದಿಲ್ಲ. ಹೊಸ ಶೂ ಕೊಂಡರೆ ಹೊರಡುವ ಮೊದಲೇ ಕೆಲವು ವಾರ ಹಾಕಿಕೊಂಡು ನಡೆಯಿರಿ.

6. ಗಾಡಿಯೊಳಗಿನ ಮರ್ಯಾದೆ

ಗೈಡ್ 'ಬೆಳಗ್ಗೆ ಐದಕ್ಕೆ' ಎಂದರೆ ಐದಕ್ಕೆ ಗಾಡಿಯ ಚಕ್ರ ಉರುಳುತ್ತದೆ. ನೀವು ನಾಲ್ಕೂ ಮುಕ್ಕಾಲಿಗೆ ಹಲ್ಲುಜ್ಜಿ, ಹಾಸಿಗೆ ಸುತ್ತಿ ಸಿದ್ಧರಿರಬೇಕು. ಸೂರ್ಯೋದಯ ಯಾರಿಗೂ ಕಾಯುವುದಿಲ್ಲ, ಒಬ್ಬರ ಹತ್ತು ನಿಮಿಷ ಹದಿನೈದು ಜನರ ಬೆಳಗನ್ನು ನುಂಗುತ್ತದೆ. ಮುಂದಿನ ಸೀಟಿಗೆ ದಿನವೂ ಒಬ್ಬೊಬ್ಬರು ಸರದಿ ತೆಗೆದುಕೊಳ್ಳಿ. ಕುಟುಂಬವಾಗಿ ಹೋದವರು ಹಿಂದಿನ ಸಾಲಿನಲ್ಲಿ ತಮ್ಮ ಪಾಡಿಗೆ ಕನ್ನಡ ಮಾತಾಡಿಕೊಂಡು ಉಳಿದುಬಿಡುವುದು ಸುಲಭ, ಆದರೆ ನಷ್ಟ ನಿಮಗೇ. ಪಕ್ಕದಲ್ಲಿ ಕೂತವರು ಕೊರಿಯಾದ ವಿದ್ಯಾರ್ಥಿಯೋ ಜರ್ಮನಿಯ ನಿವೃತ್ತ ಶಿಕ್ಷಕಿಯೋ ಆಗಿರಬಹುದು. ಇಷ್ಟು ಹೊತ್ತು ಇಷ್ಟು ಹತ್ತಿರ ಅಪರಿಚಿತರ ಜೊತೆ ಕೂರುವ ಸಂದರ್ಭ ಬದುಕಿನಲ್ಲಿ ಎಷ್ಟು ಸಲ ಬರುತ್ತದೆ? ಗೈಡನ್ನು ಹೆಸರು ಹಿಡಿದೇ ಕರೆಯಿರಿ, ಅಲ್ಲಿ 'ಸರ್', 'ಮೇಡಂ' ರೂಢಿಯಿಲ್ಲ.

ಇನ್ನು ಕೆಲಸ. ದಾರಿಯಲ್ಲಿ ಗಾಡಿ ನಿಲ್ಲಿಸಿ ಸೌದೆ ಆರಿಸಲು ಇಳಿಸುತ್ತಾರೆ. ಉದ್ಯಾನದ ಒಳಗೆ ಕಡ್ಡಿಯನ್ನೂ ಮುಟ್ಟುವಂತಿಲ್ಲ, ಆದ್ದರಿಂದ ಅನುಮತಿಯಿರುವ ಕಡೆಯಲ್ಲೇ ಈ ಕೆಲಸ ಮುಗಿಯಬೇಕು. ಮಲ್ಗ ಎಂಬ ಮರದ ಒಣ ಕೊಂಬೆಗಳು ಕಬ್ಬಿಣದಷ್ಟು ಭಾರ. ಎತ್ತುವ ಮೊದಲು ಕಾಲಿನಿಂದ ಒಮ್ಮೆ ಸರಿಸಿ, ಕೆಳಗೆ ಚೇಳೋ ಹಾವೋ ಇರಬಹುದು. ಬಿಡಾರ ಸೇರಿದ ಮೇಲೆ ಒಬ್ಬರು ತರಕಾರಿ ಹೆಚ್ಚಬೇಕು, ಒಬ್ಬರು ಬೆಂಕಿ ಹೊತ್ತಿಸಬೇಕು, ಊಟವಾದ ಮೇಲೆ ಪಾತ್ರೆ ತೊಳೆಯಬೇಕು. ಯಾರಾದರೂ ಕರೆಯಲಿ ಎಂದು ಕಾಯಬೇಡಿ. 'ನಾನೇನು ಮಾಡಲಿ?' ಎಂದು ಕೇಳಿದವರು ಅಲ್ಲಿಂದ ತಂಡದವರಾಗುತ್ತಾರೆ.

ಡ್ಯಾಂಪರ್ ಮಾಡುವಾಗ ಗೈಡ್ ಪಕ್ಕದಲ್ಲೇ ನಿಲ್ಲಿ. ದನಗಾಹಿಗಳೂ ಅಲೆಮಾರಿ ಕೂಲಿಗಳೂ ಮಾಡಿಕೊಳ್ಳುತ್ತಿದ್ದ ರೊಟ್ಟಿ ಅದು. ಮೈದಾಹಿಟ್ಟು, ಉಪ್ಪು, ನೀರು, ಈಗ ಸ್ವಲ್ಪ ಬೇಕಿಂಗ್ ಪೌಡರ್. ಹಿಟ್ಟನ್ನು ಜಾಸ್ತಿ ನಾದದೆ ಉಂಡೆ ಮಾಡಿ ದಪ್ಪ ಎರಕದ ಕಬ್ಬಿಣದ ಪಾತ್ರೆಯಲ್ಲಿಟ್ಟು ಮುಚ್ಚುತ್ತಾರೆ. ಉರಿಯ ಮೇಲಲ್ಲ, ಪಕ್ಕಕ್ಕೆ ಎಳೆದ ಕೆಂಡದ ಮೇಲೆ ಪಾತ್ರೆ. ಮುಚ್ಚಳದ ಮೇಲೂ ಸಲಿಕೆಯಿಂದ ಕೆಂಡ ಹರಡುತ್ತಾರೆ. ಸುಮಾರು ಅರ್ಧ ಗಂಟೆಯ ನಂತರ ಮುಚ್ಚಳ ತೆಗೆದು ಬೆರಳ ಗೆಣ್ಣಿನಿಂದ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಬೆಂದಿತೆಂದು ಲೆಕ್ಕ. ಬೆಣ್ಣೆ ಸವರಿ ಬಿಸಿಬಿಸಿ ಮುರಿದು ತಿನ್ನಬೇಕು.

7. ಸ್ವ್ಯಾಗ್‌ನಲ್ಲಿ ಮಲಗುವುದನ್ನು ತಪ್ಪಿಸಿಕೊಳ್ಳಬೇಡಿ

ಆರೋಗ್ಯ ಒಪ್ಪುವುದಾದರೆ ಒಂದು ರಾತ್ರಿಯಾದರೂ ಸ್ವ್ಯಾಗ್‌ನಲ್ಲಿ ಮಲಗಿ. ದಪ್ಪ ಕ್ಯಾನ್ವಾಸ್ ಚೀಲ, ಒಳಗೆ ತೆಳುವಾದ ಹಾಸು. ಅದರೊಳಗೆ ಸ್ಲೀಪಿಂಗ್ ಬ್ಯಾಗ್ ಹಾಕಿ ನುಗ್ಗಿ ಮುಖದವರೆಗೆ ಮಡಚು ಎಳೆದುಕೊಂಡರೆ ಮೇಲೆ ಚಾವಣಿಯೇ ಇಲ್ಲ. ಹಗಲು ಸ್ವ್ಯಾಗನ್ನು ಬಿಚ್ಚಿಡಬೇಡಿ, ಹುಳಹುಪ್ಪಟೆ ಸೇರುತ್ತವೆ. ಮಲಗುವ ಹೊತ್ತಿಗೇ ಬಿಚ್ಚಿ, ಎದ್ದ ತಕ್ಷಣ ಬಿಗಿಯಾಗಿ ಸುತ್ತಿ ಬೆಲ್ಟ್ ಕಟ್ಟಿ. ಶೂಗಳನ್ನು ಚೀಲದೊಳಗೋ ಗಾಡಿಯಲ್ಲೋ ಇಡಿ. ಡಿಂಗೊ ಎಂಬ ಕಾಡುನಾಯಿಗಳು ಮನುಷ್ಯರ ತಂಟೆಗೆ ಸಾಮಾನ್ಯವಾಗಿ ಬರದಿದ್ದರೂ ಶೂಗಳನ್ನು ಕಚ್ಚಿಕೊಂಡು ಹೋಗುತ್ತವೆ. ಅವಕ್ಕೆ ಏನನ್ನೂ ತಿನ್ನಿಸಬೇಡಿ.

ಮಲಗಿದ ಮೇಲೆ ಆಕಾಶ. ದಕ್ಷಿಣದ ಅಂಚಿನಲ್ಲಿ ನಮಗೆ ಏಪ್ರಿಲ್, ಮೇ ರಾತ್ರಿಗಳಲ್ಲಿ ತಗ್ಗಾಗಿ ಕಾಣುವ ತ್ರಿಶಂಕು ನಕ್ಷತ್ರಪುಂಜ ಅಲ್ಲಿ ಬಹಳ ಮೇಲೇರಿ ನಿಲ್ಲುತ್ತದೆ. ಜುಲೈ ರಾತ್ರಿ ವೃಶ್ಚಿಕ ನೆತ್ತಿಯ ಮೇಲೆ ಹಾದುಹೋಗುತ್ತದೆ, ಅದರ ಕೆಂಪು ಜ್ಯೇಷ್ಠಾ ನಕ್ಷತ್ರವಂತೂ ಉಲುರುವಿನ ನೇರ ತಲೆಯ ಮೇಲೆ. ಆಕಾಶಗಂಗೆಯ ಬೆಳಕಿನ ನಡುವೆ ಕಪ್ಪು ಪಟ್ಟೆಗಳಿವೆ. ನಾವು ಬೆಳಕಿನ ಚುಕ್ಕೆಗಳನ್ನು ಸೇರಿಸಿ ಆಕಾರ ಕಂಡರೆ, ಅಲ್ಲಿನ ಮೂಲನಿವಾಸಿಗಳಲ್ಲಿ ಹಲವು ಸಮುದಾಯಗಳು ಆ ಕತ್ತಲೆಯ ಭಾಗದಲ್ಲೇ ಒಂದು ದೊಡ್ಡ ಎಮು ಹಕ್ಕಿಯನ್ನು ಕಂಡಿವೆ. ತ್ರಿಶಂಕುವಿನ ಪಕ್ಕದ ಕಪ್ಪು ಮಚ್ಚೆ ಅದರ ತಲೆ. ಗೈಡ್ ಲೇಸರ್ ದೀಪದಿಂದ ಒಮ್ಮೆ ತೋರಿಸಿದರೆ ಸಾಕು, ಆಮೇಲೆ ಕಣ್ಣಿಗೆ ಅದು ತಪ್ಪುವುದೇ ಇಲ್ಲ. ಬೆಳಗಿನ ಜಾವ ಎಬ್ಬಿಸಿದಾಗ ಗೊಣಗುವ ಬದಲು ಈಶಾನ್ಯಕ್ಕೆ ನೋಡಿ: ಜುಲೈ, ಆಗಸ್ಟ್‌ನಲ್ಲಿ ಅಲ್ಲಿ ಕೃತ್ತಿಕೆ ಏರಿರುತ್ತದೆ. ಕಾರ್ತಿಕೇಯನಿಗೆ ಹಾಲೂಡಿದ ತಾಯಂದಿರೆಂದು ನಾವು ಕತೆ ಹೇಳುವ ಆ ಗುಂಪು, ಮಧ್ಯ ಆಸ್ಟ್ರೇಲಿಯಾದ ಜನರಿಗೆ ಬೆನ್ನಟ್ಟಿ ಬಂದವನಿಂದ ತಪ್ಪಿಸಿಕೊಂಡು ಓಡುವ ಏಳು ಅಕ್ಕತಂಗಿಯರು.

ಇದಕ್ಕಾಗಿಯೇ ಪಂಚಾಂಗ ನೋಡಿ ದಿನ ಗೊತ್ತುಮಾಡಿ. ಅಮಾವಾಸ್ಯೆಯ ಆಸುಪಾಸಿನ ರಾತ್ರಿಗಳಿಗೆ ಸಮನಿಲ್ಲ.

8. ಬಾಯಾರುವ ಮೊದಲೇ ಕುಡಿಯಿರಿ

ಬೆವರು ಬಂದದ್ದೇ ಗೊತ್ತಾಗದಷ್ಟು ಒಣಗಾಳಿ. ಬಿಸಿಲಲ್ಲಿ ನಡೆಯುವಾಗ ಗಂಟೆಗೆ ಒಂದು ಲೀಟರ್ ಎಂಬುದು ಅಲ್ಲಿನ ಉದ್ಯಾನದವರ ಮಾತು. ದೊಡ್ಡ ನಡಿಗೆಗೆ ಒಬ್ಬೊಬ್ಬರ ಬೆನ್ನಿನಲ್ಲೂ ಮೂರು ಲೀಟರ್ ಇರಲಿ. ಶೌಚಾಲಯ ದೂರ ಎಂದು ನೀರು ಕಡಿಮೆ ಮಾಡುವ ಅಭ್ಯಾಸ ನಮ್ಮ ಹೆಣ್ಣುಮಕ್ಕಳಲ್ಲಿ ಬಹಳ. ದಯವಿಟ್ಟು ಹಾಗೆ ಮಾಡಬೇಡಿ. ಗಾಡಿ ನಿಲ್ಲಿಸಲು ಸಂಕೋಚವಿಲ್ಲದೆ ಹೇಳಿ, ಗೈಡ್‌ಗೆ ಅದು ದಿನನಿತ್ಯದ ಮಾತು. ಓಆರ್‌ಎಸ್ ಪೊಟ್ಟಣಗಳು ಚೀಲದಲ್ಲಿರಲಿ.

ಬಿಸಿಲಿನ ಜೊತೆಗೆ ಇನ್ನೊಂದು ಕಾಟ ನೊಣದ್ದು. ಅದು ಕಚ್ಚುವುದಿಲ್ಲ, ಆದರೆ ಕಣ್ಣು, ಮೂಗು, ಬಾಯಿಯ ತೇವ ಹುಡುಕಿಕೊಂಡು ಮುತ್ತುತ್ತದೆ. ಟೋಪಿಯ ಮೇಲಿಂದ ಇಳಿಬಿಡುವ ಬಲೆ ಆಲಿಸ್‌ನ ಅಂಗಡಿಗಳಲ್ಲಿ ಸಿಗುತ್ತದೆ, ಅಗ್ಗ. ಚಳಿಗಾಲದ ನಡುವೆ ನೊಣ ಕಡಿಮೆ, ಸೆಪ್ಟೆಂಬರ್‌ನಿಂದ ಹೆಚ್ಚು.

9. ದಾರಿ ಮುಚ್ಚಿದರೆ ವಾದ ಮಾಡಬೇಡಿ

ಕಿಂಗ್ಸ್ ಕ್ಯಾನಿಯನ್ ಅಂಚಿನ ನಡಿಗೆ ಸುಮಾರು 6 ಕಿ.ಮೀ., ಮೂರರಿಂದ ನಾಲ್ಕು ಗಂಟೆ. ಶುರುವಿನಲ್ಲೇ ಕಡಿದಾದ ಕಲ್ಲು ಮೆಟ್ಟಿಲು ಏದುಸಿರು ತರಿಸುತ್ತದೆ. ಆ ಏರು ಮುಗಿದರೆ ಕಷ್ಟದ ಭಾಗ ಮುಗಿದಂತೆ, ಆದ್ದರಿಂದ ಅಲ್ಲೇ ಎದೆಗುಂದಬೇಡಿ, ನಿಂತು ನಿಂತು ಹತ್ತಿ. ಮೇಲೆ ನೂರು ಮೀಟರ್‌ಗೂ ಆಳಕ್ಕೆ ಕತ್ತರಿಸಿಟ್ಟಂಥ ಗೋಡೆಗಳು, ನಡುವೆ ಇಳಿದರೆ ಸೈಕಡ್ ಗಿಡಗಳ ನೆರಳಿನ ತಂಪು ಮಡು. ಅಂಚಿಗೆ ಬೇಲಿ ಇಲ್ಲದ ಕಡೆ ಸೆಲ್ಫಿಗಾಗಿ ಹಿಂದೆ ಹೆಜ್ಜೆ ಇಡುವುದು ಪ್ರಾಣದ ಜೊತೆ ಆಟ.

ಆ ದಿನದ ಮುನ್ಸೂಚನೆ 36 ಡಿಗ್ರಿ ಅಥವಾ ಮೇಲಿದ್ದರೆ ಬೆಳಗ್ಗೆ ಒಂಬತ್ತರೊಳಗೆ ಹತ್ತಲು ಶುರು ಮಾಡಬೇಕು, ಇಲ್ಲದಿದ್ದರೆ ದಾರಿ ಬಂದ್. ಕಟ ಜುಟದ 'ಗಾಳಿಯ ಕಣಿವೆ' ನಡಿಗೆಗೂ ಅದೇ 36ರ ಗೆರೆ: ಅಂಥ ದಿನ ಹನ್ನೊಂದರ ಮೇಲೆ ಮೊದಲ ನೋಟದ ತಾಣದಿಂದ ಮುಂದಕ್ಕೆ ಬಿಡುವುದಿಲ್ಲ. ಈ ನಿಯಮಗಳ ಹಿಂದೆ ಬಿಸಿಲಿಗೆ ಸಿಕ್ಕಿ ಪ್ರಾಣ ಬಿಟ್ಟ ಪ್ರವಾಸಿಗರಿದ್ದಾರೆ. ನಾಲ್ಕಕ್ಕೆ ಎಬ್ಬಿಸಿದ ಗೈಡ್ ಏಕೆ ಎಬ್ಬಿಸಿದರೆಂದು ಆಗ ಅರ್ಥವಾಗುತ್ತದೆ.

10. ಉಲುರುವನ್ನು ಸುತ್ತಿ ನೋಡಿ

ದಾರಿಯಲ್ಲಿ ಎಡಗಡೆ ತಲೆ ಚಪ್ಪಟೆಯಾದ ದೊಡ್ಡ ಗುಡ್ಡ ಕಂಡು ಗಾಡಿ ತುಂಬ ಕ್ಯಾಮೆರಾ ಮೇಲೇಳುತ್ತವೆ. ಅದು ಮೌಂಟ್ ಕಾನರ್. ಉಲುರು ಇನ್ನೂ ಮುಂದಿದೆ.

ಸುತ್ತಲಿನ ಬಯಲಿನಿಂದ 348 ಮೀಟರ್ ಎತ್ತರದ ಈ ಬಂಡೆ ಒಂದೇ ಶಿಲೆಯಂತೆ ನಿಂತಿದೆ. ಸುಮಾರು 55 ಕೋಟಿ ವರ್ಷಗಳ ಹಿಂದೆ ಬೆಟ್ಟಗಳಿಂದ ಕೊಚ್ಚಿ ಬಂದ ಮರಳಿನ ಪದರಗಳು ಗಟ್ಟಿಯಾಗಿ, ಆಮೇಲೆ ಭೂಮಿಯ ಒತ್ತಡಕ್ಕೆ ಹೆಚ್ಚುಕಡಿಮೆ ನೆಟ್ಟಗೆ ತಿರುಗಿ ನಿಂತವು. ಮೇಲಿಂದ ಕೆಳಗೆ ಇಳಿಯುವ ಗೆರೆಗಳು ಆ ಪದರಗಳೇ. ಕಲ್ಲಿನ ನಿಜ ಬಣ್ಣ ಬೂದು, ಹೊರಮೈ ಮಾತ್ರ ತುಕ್ಕಿನಿಂದ ಕೆಂಪು. ಗುಹೆಗಳ ಒಳಭಾಗದಲ್ಲಿ ಆ ಬೂದು ಬಣ್ಣ ಕಾಣುತ್ತದೆ, ಗಮನಿಸಿ.

ಇದು ಅನಂಗು ಜನರ ನೆಲ. 1985ರ ಅಕ್ಟೋಬರ್ 26ರಂದು ಸರ್ಕಾರ ಒಡೆತನವನ್ನು ಅವರಿಗೆ ಮರಳಿಸಿತು. ಅವರು ಅದನ್ನು 99 ವರ್ಷಕ್ಕೆ ಉದ್ಯಾನವಾಗಿ ಗುತ್ತಿಗೆ ಕೊಟ್ಟು, ಸರ್ಕಾರದ ಜೊತೆ ಸೇರಿ ನೋಡಿಕೊಳ್ಳುತ್ತಿದ್ದಾರೆ. ಬಂಡೆ ಹತ್ತಬೇಡಿ ಎಂದು ಅವರು ದಶಕಗಳ ಕಾಲ ಕೇಳಿಕೊಂಡರು. 2019ರ ಅಕ್ಟೋಬರ್ 26ರಿಂದ ಹತ್ತುವುದು ಶಾಶ್ವತವಾಗಿ ನಿಂತಿದೆ. ಹಳೆಯ ಪ್ರವಾಸಕಥನ ಓದಿ ಹತ್ತುವ ಆಸೆ ಇಟ್ಟುಕೊಂಡಿದ್ದರೆ ಅದನ್ನು ಕೈಬಿಟ್ಟು ಹೋಗಿ. ನಿಜ ಹೇಳಬೇಕೆಂದರೆ, ಮೇಲೆ ಹತ್ತಿದವರಿಗೆ ಸುತ್ತಲಿನ ಬಯಲು ಕಾಣುತ್ತಿತ್ತೇ ಹೊರತು ಉಲುರು ಕಾಣುತ್ತಿರಲಿಲ್ಲ. ಬುಡದ ಸುತ್ತ 10.6 ಕಿ.ಮೀ. ದಾರಿಯಿದೆ. ದೂರದಿಂದ ನುಣ್ಣಗೆ ಕಂಡದ್ದು ಹತ್ತಿರದಲ್ಲಿ ಮಡಿಕೆ, ಬಿರುಕು, ಗುಹೆ, ಚಿತ್ರ ಬರೆದ ಗೋಡೆ, ಮಳೆನೀರು ಇಳಿದ ಕಪ್ಪು ಗೀರುಗಳಾಗಿ ತೆರೆದುಕೊಳ್ಳುತ್ತದೆ. ದಕ್ಷಿಣದ ಮುಟಿಜುಲು ಮಡುವಿನ ಬಳಿ ಮರಗಳ ತಂಪಿದೆ. ಇಡೀ ಸುತ್ತು ಆಗದವರು ಆ ಒಂದು ಭಾಗವನ್ನಾದರೂ ನಡೆಯಿರಿ.

ಕೆಲವು ಜಾಗಗಳಲ್ಲಿ ಫೋಟೊ ತೆಗೆಯಬೇಡಿ ಎಂಬ ಫಲಕವಿದೆ. ಆ ಭಾಗ ಗಂಡಸರ ಅಥವಾ ಹೆಂಗಸರ ಪವಿತ್ರ ಆಚರಣೆಗೆ ಸೇರಿದ್ದು, ಅದರ ಚಿತ್ರವನ್ನು ಇತರರು ನೋಡಬಾರದು. ಗರ್ಭಗುಡಿಯ ಫೋಟೊ ತೆಗೆಯಬಾರದೆಂಬ ನಿಯಮಕ್ಕೆ ತಲೆಬಾಗುವ ನಮಗೆ ಇದನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಫಲಕ ಕಂಡ ಕೂಡಲೇ ಫೋನ್ ಜೇಬಿಗೆ ಹಾಕಿ. ಗೈಡ್ ಎಲ್ಲ ಕಥೆಯನ್ನೂ ಹೇಳುವುದಿಲ್ಲ, ಅವರಿಗೆ ಹೇಳಲು ಅನುಮತಿ ಇರುವುದು ಕೆಲವನ್ನು ಮಾತ್ರ. ಒತ್ತಾಯ ಮಾಡಬೇಡಿ. ಉದ್ಯಾನದೊಳಗಿನ ಸಾಂಸ್ಕೃತಿಕ ಕೇಂದ್ರಕ್ಕೆ ಬಂಡೆಗಿಂತ ಮೊದಲೇ ಹೋಗುವಂತಾದರೆ ಒಳ್ಳೆಯದು.

11. ಬಂಡೆಗಳ ನಡುವಿನ ದಾರಿಯಲ್ಲೂ ಎಚ್ಚರವಾಗಿರಿ

ಗಾಡಿ ಹತ್ತಿದ ಕೂಡಲೇ ಹೆಡ್‌ಫೋನ್ ಹಾಕಿ ನಿದ್ದೆಗೆ ಜಾರುವವರು ಅರ್ಧ ಪ್ರವಾಸ ಕಳೆದುಕೊಳ್ಳುತ್ತಾರೆ. ಉದಾಹರಣೆಗೆ ಡೆಸರ್ಟ್ ಓಕ್ ಮರ. ನಮ್ಮ ಕರಾವಳಿಯ ಗಾಳಿಮರದ ಕುಟುಂಬದ್ದೇ. ಎಳೆಯ ಮರ ಪೊರಕೆಯನ್ನು ತಲೆಕೆಳಗಾಗಿ ನೆಟ್ಟ ಹಾಗೆ ಸಪೂರವಾಗಿ ನಿಂತಿರುತ್ತದೆ. ಆ ವರ್ಷಗಳಲ್ಲಿ ಅದು ಶಕ್ತಿಯನ್ನೆಲ್ಲ ಬೇರಿಗೆ ಹಾಕಿ ಅಂತರ್ಜಲದ ಕಡೆಗೆ ಇಳಿಯುತ್ತದೆ. ನೀರು ಸಿಕ್ಕ ಮೇಲೆಯೇ ಕೊಂಬೆ ಚಾಚಿ ಅಗಲವಾಗುವುದು. ಒಂದೇ ತೋಪಿನಲ್ಲಿ ಎರಡೂ ಬಗೆಯ ಮರ ನೋಡಿದವರು ಬೇರೆ ಬೇರೆ ಜಾತಿ ಎಂದೇ ತಿಳಿಯುತ್ತಾರೆ. ಗಾಡಿ ನಿಂತಾಗ ಅದರ ಕೆಳಗೆ ಹೋಗಿ ನಿಲ್ಲಿ, ಎಲೆಗಳ ನಡುವೆ ಗಾಳಿ ಸುಯ್ಯುವ ಸದ್ದು ಕಾರವಾರದ ಕಡಲತೀರದವರಿಗೆ ಪರಿಚಿತ.

ಒಂಟೆ ಕಂಡರೆ ಅದರ ಹಿಂದೆ ನಮ್ಮ ಉಪಖಂಡದ ಇತಿಹಾಸವಿದೆ. 1860ರಲ್ಲಿ ಬರ್ಕ್ ಮತ್ತು ವಿಲ್ಸ್ ಅವರ ಶೋಧಯಾತ್ರೆಗಾಗಿ ಕರಾಚಿಯಿಂದ 24 ಒಂಟೆಗಳನ್ನೂ ಅವನ್ನು ನಡೆಸಬಲ್ಲ ಕೆಲವರನ್ನೂ ಮೆಲ್ಬರ್ನ್‌ಗೆ ತಂದರು. ಆಮೇಲೆ ದಶಕಗಳ ಕಾಲ ಬಲೂಚಿಸ್ತಾನ, ಸಿಂಧ್, ಪಂಜಾಬ್, ಅಫ್ಘಾನಿಸ್ತಾನದ ಒಂಟೆಗಾರರು ಬಂದರು. 1872ರಲ್ಲಿ ಮುಗಿದ ಟೆಲಿಗ್ರಾಫ್ ತಂತಿಯ ಕಾಮಗಾರಿಗೂ, ಒಳನಾಡಿನ ಗಣಿಗಳಿಗೂ, ದನಗಳ ದೊಡ್ಡಿಗಳಿಗೂ ಸಾಮಾನು ಹೊತ್ತವರು ಇವರು. ಎಲ್ಲಿಂದ ಬಂದಿದ್ದರೂ ಎಲ್ಲರಿಗೂ 'ಅಫ್ಘನ್' ಎಂಬ ಒಂದೇ ಹೆಸರು ಬಿತ್ತು. 1929ರಲ್ಲಿ ಆಲಿಸ್ ತಲುಪಿದ ರೈಲಿಗೆ 'ಘಾನ್' ಎಂಬ ಹೆಸರು ಅವರಿಂದ. ಲಾರಿ ಬಂದ ಮೇಲೆ ಕೆಲಸ ಕಳೆದುಕೊಂಡ ಒಂಟೆಗಳನ್ನು ಕಾಡಿಗೆ ಬಿಟ್ಟರು, ಅವುಗಳ ಸಂತತಿ ಇಂದು ಕಾಡು ಒಂಟೆಗಳಾಗಿ ಅಲೆಯುತ್ತಿದೆ. ಇದನ್ನು ಗೈಡ್ ಹೇಳದಿದ್ದರೆ ನೀವೇ ಕೇಳಿ. ಭಾರತದಿಂದ ಬಂದ ಪ್ರವಾಸಿ ಕೇಳಬೇಕಾದ ಕಥೆ ಅದು.

12. ವಿಮೆ, ಔಷಧಿ, ಫೋನ್

ಭಾರತದ ಪ್ರವಾಸಿಗರಿಗೆ ಅಲ್ಲಿ ಉಚಿತ ಸರ್ಕಾರಿ ಚಿಕಿತ್ಸೆ ಇಲ್ಲ. ತುರ್ತು ಸ್ಥಳಾಂತರವೂ ಸೇರಿದ ವಿಮೆ ಮಾಡಿಸದೆ ಹೊರಡಬೇಡಿ. 1928ರಿಂದ ನಡೆದಿರುವ ರಾಯಲ್ ಫ್ಲೈಯಿಂಗ್ ಡಾಕ್ಟರ್ ಸರ್ವಿಸ್ ವಿಮಾನದಲ್ಲಿ ವೈದ್ಯರನ್ನು ತರುತ್ತದೆ ನಿಜ, ಆದರೆ ಆಸ್ಪತ್ರೆಯ ಬಿಲ್ಲು ನಿಮ್ಮದೇ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ, ಇನ್ಸುಲಿನ್, ಇನ್‌ಹೇಲರ್ ಬೆನ್ನಿನ ಚೀಲದಲ್ಲೇ ಇರಲಿ, ಡಾಕ್ಟರ ಚೀಟಿಯೂ ಜೊತೆಗಿರಲಿ. ಕಾಯಿಲೆ ಮುಚ್ಚಿಡದೆ ಗೈಡ್‌ಗೆ ಮೊದಲೇ ಹೇಳಿ.

ದಾರಿಯ ಬಹುಭಾಗದಲ್ಲಿ ಸಿಗ್ನಲ್ ಇರುವುದಿಲ್ಲ. ಒಳನಾಡಿನಲ್ಲಿ ಟೆಲ್‌ಸ್ಟ್ರಾ ಸಿಮ್ ಉಳಿದವುಗಳಿಗಿಂತ ಮೇಲು. ಅಲ್ಲಿನ ಗಡಿಯಾರ ನಮಗಿಂತ ನಾಲ್ಕು ಗಂಟೆ ಮುಂದೆ. ಯಾವ ದಿನ ಫೋನ್ ಸಿಗುವುದಿಲ್ಲ ಎಂದು ಮನೆಯವರಿಗೆ ಮೊದಲೇ ತಿಳಿಸಿದರೆ ಅವರು ಗಾಬರಿಯಾಗುವುದಿಲ್ಲ.

13. ಕಲ್ಲು ತರಬೇಡಿ, ಚಿತ್ರ ಕೊಳ್ಳುವುದಾದರೆ ವಿಚಾರಿಸಿ ಕೊಳ್ಳಿ

ಉಲುರುವಿನಿಂದ ಒಂದು ಚೂರು ಕಲ್ಲು, ಒಂದು ಹಿಡಿ ಕೆಂಪು ಮಣ್ಣು ತರುವ ಆಸೆ ಬೇಡ. ಕಾನೂನಿಗೂ ವಿರುದ್ಧ, ಅನಂಗು ಜನರ ಮನಸ್ಸಿಗೂ ನೋವು. ಹಾಗೆ ಒಯ್ದವರಲ್ಲಿ ಎಷ್ಟೋ ಮಂದಿ ಕ್ಷಮೆಯ ಪತ್ರದ ಜೊತೆ ಕಲ್ಲನ್ನು ಅಂಚೆಯಲ್ಲಿ ಹಿಂದಕ್ಕೆ ಕಳುಹಿಸುತ್ತಾರೆ. ಹಾಗೆ ಬಂದದ್ದನ್ನು ಎಲ್ಲಿಂದ ತೆಗೆದದ್ದೋ ಗೊತ್ತಿಲ್ಲದ ಕಾರಣ ಮೂಲ ಜಾಗಕ್ಕೆ ಸೇರಿಸುವುದೂ ಕಷ್ಟ.

ತರುವುದಾದರೆ ಚಿತ್ರ ತನ್ನಿ. 1971ರಲ್ಲಿ ಆಲಿಸ್‌ನ ವಾಯವ್ಯಕ್ಕಿರುವ ಪಪುನ್ಯ ಎಂಬ ವಸತಿಯಲ್ಲಿ ಶಾಲೆಯ ಶಿಕ್ಷಕ ಜೆಫ್ರಿ ಬಾರ್ಡನ್ ಅವರ ಪ್ರೋತ್ಸಾಹದಿಂದ ಅಲ್ಲಿನ ಹಿರಿಯರು ಹಲಗೆಯ ಮೇಲೆ ಬಣ್ಣದಲ್ಲಿ ಬರೆಯತೊಡಗಿದರು. ಅದುವರೆಗೆ ಅವರ ಸಾಂಪ್ರದಾಯಿಕ ವಿನ್ಯಾಸಗಳು ಹೆಚ್ಚಾಗಿ ಮರಳಿನ ಮೇಲೆ, ಮೈಮೇಲೆ ಮೂಡುತ್ತಿದ್ದವು. ಇಂದು ಜಗತ್ತಿಗೆಲ್ಲ ಪರಿಚಿತವಾದ ಚುಕ್ಕಿ ಚಿತ್ರಗಳ ಪರಂಪರೆ ಅಲ್ಲಿಂದ ಬೆಳೆಯಿತು. ಬೇರೆಲ್ಲೋ ಅಚ್ಚು ಹಾಕಿದ ನಕಲುಗಳು ಸ್ಮರಣಿಕೆ ಅಂಗಡಿಗಳಲ್ಲಿ ತುಂಬಿವೆ. ಬರೆದವರ ಹೆಸರೇನು, ಯಾವ ಸಮುದಾಯ, ಹಣದಲ್ಲಿ ಅವರ ಪಾಲೆಷ್ಟು ಎಂದು ಕೇಳಿ. ಪ್ರಮಾಣಪತ್ರ ಕೊಡುವ, ಸಮುದಾಯವೇ ನಡೆಸುವ ಕಲಾಕೇಂದ್ರಗಳಲ್ಲಿ ಕೊಳ್ಳಿ. ಅಂಗೈ ಅಗಲದ ಚಿತ್ರವಾದರೂ ಸರಿ. ದೊಡ್ಡದಾದರೆ ಕ್ಯಾನ್ವಾಸನ್ನು ಚೌಕಟ್ಟಿನಿಂದ ಬಿಡಿಸಿ ಸುತ್ತಿಕೊಟ್ಟರೆ ಅದೇ ಮೆತ್ತನೆಯ ಚೀಲದಲ್ಲಿ ಹಿಡಿಸುತ್ತದೆ.